ರನ್‌ವೇ ಬೇಕು, ಒಪ್ಪಿದೆವು. ಜಮೀನಿನ ದುಡ್ಡು ಮೊದಲು ಕೊಡಿ

ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ನೌಕಾಪಡೆಗೆ ವಿಮಾನ ನೆಲೆ ಮಾಡುವ ಯೋಜನೆ ಇದೆ. ಹುಣಸೂರು, ಕೋಟೆ, ಪಿರಿಯಾಪಟ್ಟಣದಲ್ಲಿ ಕೂತ ನಮಗೆ ಆ ಸಮುದ್ರದ ಸುದ್ದಿ ಯಾಕೆ ಅಂತೀರಾ? ಕಬಿನಿ ಹಿನ್ನೀರಲ್ಲಿ ಊರು ಮುಳುಗಿಸಿಕೊಂಡವರು ನಮ್ಮವರು. ನಾಗರಹೊಳೆ ಕಾಡಿಂದ ಎಬ್ಬಿಸಿ ನಾಗಾಪುರಕ್ಕೆ ತಂದು ಬಿಟ್ಟ ಹಾಡಿ ಜನರೂ ನಮ್ಮವರೇ. ಜಮೀನು ಬಿಟ್ಟುಕೊಡಿ ಅನ್ನೋ ಮಾತು ನಮಗೆ ಹೊಸದಲ್ಲ.

ಮೊದಲು ನೆಲೆಯ ವಿಚಾರ. ಅದು ಬೇಡ ಅಂತ ನಾವು ಹೇಳುತ್ತಿಲ್ಲ. 1971ರ ಯುದ್ಧದ ನಂತರ, ಮುಂಬೈ ಬಂದರು ಇಕ್ಕಟ್ಟು, ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ದೊಡ್ಡ ನೆಲೆ ಬೇಕು ಅನ್ನೋದು ನೌಕಾಪಡೆಗೆ ಗೊತ್ತಾಯಿತು. 1986ರಲ್ಲಿ ರಾಜೀವ್ ಗಾಂಧಿ ಕಾರವಾರದಲ್ಲಿ 'ಸೀಬರ್ಡ್' ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಶುರುವಾಯಿತು. ಬನವಾಸಿ ಕದಂಬರ ಹೆಸರು. ವಿಮಾನ ಹೊತ್ತು ಸಾಗುವ ಐಎನ್‌ಎಸ್ ವಿಕ್ರಮಾದಿತ್ಯ ಹಡಗು ತಂಗುವುದೂ ಅಲ್ಲೇ.

ಹಡಗು ಬಂದರಲ್ಲಿ ನಿಂತಾಗ ಯುದ್ಧವಿಮಾನ ಅದರ ಮೇಲಿಂದ ಹಾರುವುದಿಲ್ಲ. ಹಡಗು ವೇಗವಾಗಿ ಸಾಗಬೇಕು, ಎದುರುಗಾಳಿ ಸಿಗಬೇಕು. ಹಾಗಾಗಿ ಹಡಗು ದಡಕ್ಕೆ ಬಂದಾಗ ವಿಮಾನಗಳಿಗೆ ನೆಲದ ಮೇಲೆ ರನ್‌ವೇ ಬೇಕು. ಈ ಕೆಲಸ ಮಾಡುತ್ತಾ ಬಂದಿರುವುದು ಗೋವಾ ದಾಬೋಲಿಮ್‌ನ ಐಎನ್‌ಎಸ್ ಹಂಸ. ಅದು 1961ರಲ್ಲಿ ಕೊಯಮತ್ತೂರಿನ ಹತ್ತಿರ ಶುರುವಾಗಿ, ಗೋವಾ ಬಿಡುಗಡೆಯಾದ ಮೇಲೆ ಅಲ್ಲಿಗೆ ಹೋಯಿತು. ದಾಬೋಲಿಮ್‌ನಲ್ಲಿ ಪ್ರವಾಸಿಗರ ವಿಮಾನಕ್ಕೂ ಅದೇ ರನ್‌ವೇ. ಕಾರವಾರದ ಪಕ್ಕದಲ್ಲೇ ಇನ್ನೊಂದು ಬೇಕು ಅನ್ನೋದರಲ್ಲಿ ನ್ಯಾಯ ಇದೆ.

ನಮ್ಮ ತಕರಾರು ಬೇರೆ. ಸೀಬರ್ಡ್‌ಗಾಗಿ ಕಾರವಾರ, ಅಂಕೋಲಾ ತಾಲ್ಲೂಕಿನ ಸುಮಾರು 11 ಸಾವಿರ ಎಕರೆ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದು ಹೋದವು. ರೈತರಿಗೆ ಗದ್ದೆ ಹೋಯಿತು, ಮೀನುಗಾರರಿಗೆ ದೋಣಿ ಎಳೆಯುವ ದಡ ಹೋಯಿತು. ಮೊದಲು ಕೊಟ್ಟ ಪರಿಹಾರ ಸಾಲದು ಅಂತ ಅವರು ಕೋರ್ಟ್ ಮೆಟ್ಟಿಲು ಹತ್ತಿದರು. 2010ರ ದಶಕ ಬಂದರೂ ಹೆಚ್ಚುವರಿ ಪರಿಹಾರಕ್ಕೆ ಅಲೆಯುವುದು ಮುಗಿದಿರಲಿಲ್ಲ. ಗದ್ದೆ ಬಿಟ್ಟುಕೊಟ್ಟ ಎಷ್ಟೋ ಹಿರಿಯರು ದುಡ್ಡು ಕಾಣದೇ ಕಣ್ಣು ಮುಚ್ಚಿದರು.

ವೇದಿಕೆ ಹತ್ತಿದವರು ಇದನ್ನ 'ತ್ಯಾಗ' ಅಂತಾರೆ. ತ್ಯಾಗ ಅಂದರೆ ಮನಸ್ಸಾರೆ ಕೊಡೋದು. ನೋಟಿಸ್ ಅಂಟಿಸಿ ತಗೊಂಡಿದ್ದು ತ್ಯಾಗ ಅಲ್ಲ, ಸಾಲ. ದೇಶ ಆ ಊರುಗಳಿಗೆ ಸಾಲಗಾರ. ಶಾಲು ಹೊದಿಸಿದರೆ ಸಾಲ ತೀರಲ್ಲ. ಕಾವಲು ಸಿಗೋದು ಇಡೀ ದೇಶಕ್ಕೆ. ಅದರ ಬೆಲೆಯನ್ನ ಕೆಲವೇ ಹಳ್ಳಿಗಳ ತಲೆಗೆ ಕಟ್ಟೋದು ಯಾವ ನ್ಯಾಯ?

'ದೇಶದ ಕೆಲಸಕ್ಕೆ ದುಡ್ಡಿನ ಲೆಕ್ಕ ಹಾಕ್ತೀರಾ?' ಅಂತ ಕೆಲವರು ಕೇಳ್ತಾರೆ. ಹಡಗು ಕಟ್ಟಿದ ಕಂಪನಿ ಲೆಕ್ಕ ಹಾಕುತ್ತೆ. ಸಿಮೆಂಟ್ ಹಾಕಿದ ಗುತ್ತಿಗೆದಾರ ಬಿಲ್ ಕೊಡ್ತಾನೆ. ಅವರನ್ನ ಯಾರೂ ದೇಶದ್ರೋಹಿ ಅನ್ನಲ್ಲ. ರೈತ ಕೇಳಿದರೆ ಮಾತ್ರ ಯಾಕೆ ಸಿಟ್ಟು?

ಸೀಬರ್ಡ್‌ಗೆ ಜಮೀನು ಹೋಗಿದ್ದು ಬ್ರಿಟಿಷರ ಕಾಲದ 1894ರ ಕಾಯ್ದೆಯಲ್ಲಿ. ಈಗಿರುವುದು 2013ರ ಕಾಯ್ದೆ. ಪರಿಹಾರ ಪೂರ್ತಿ ಕೊಟ್ಟ ಮೇಲೆಯೇ ಜಮೀನು ಸ್ವಾಧೀನ ಅಂತ ಅದು ಹೇಳುತ್ತೆ. ಆದರೆ ದೇಶರಕ್ಷಣೆಯ ಹೆಸರಲ್ಲಿ 'ತುರ್ತು' ಅಂತ ಬರೆದು ಎಷ್ಟೋ ಹಂತ ಹಾರಿಸಲು ಅದರಲ್ಲೇ ದಾರಿಯೂ ಇದೆ. ಹತ್ತಾರು ವರ್ಷ ಕಾಗದದಲ್ಲಿ ಮಲಗಿದ ಯೋಜನೆ ಜಮೀನು ಕೇಳುವಾಗ ಮಾತ್ರ ತುರ್ತಾದರೆ ನಾವು ನಂಬೋದು ಹೇಗೆ?

ಆದ್ದರಿಂದ ನಮ್ಮ ಮಾತು ಇಷ್ಟೇ. ಅಲಗೇರಿಯಾಗಲಿ, ನಮ್ಮ ಹೊಸ ಅಗ್ರಹಾರವಾಗಲಿ, ಮೊದಲು ದುಡ್ಡು ಮತ್ತು ಮನೆ, ಆಮೇಲೆ ಬೇಲಿ. ನಿಮ್ಮೂರಿಗೂ ಒಂದು ದಿನ ನೋಟಿಸ್ ಬರಬಹುದು. ಬಂದರೆ ಸಹಿ ಹಾಕುವ ಮುಂಚೆ ಯಾವ ಕಾಯ್ದೆ, ಎಷ್ಟು ದರ, ಯಾವತ್ತು ಕೊಡ್ತೀರಿ ಅಂತ ಕೇಳಿ. ಉತ್ತರವನ್ನ ಬಾಯಿಮಾತಲ್ಲಿ ಒಪ್ಪಬೇಡಿ, ಬರೆಸಿಕೊಳ್ಳಿ.