ಬೊಜ್ಜಿನ ಪ್ರಶ್ನೆ ಮತ್ತು ಪುಣೆಯ ಕನ್ನಡಿಗರು

ಮೈತೂಕವನ್ನು ಇಳಿಸುವ ಮಾತು ಈಗ ವೈದ್ಯರ ಕೊಠಡಿಯನ್ನು ದಾಟಿ ರಾಜಕಾರಣದ ವೇದಿಕೆಯವರೆಗೂ ಬಂದು ಮುಟ್ಟಿದೆ. 2025ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ, ಅಡುಗೆಯ ಎಣ್ಣೆಯ ಬಳಕೆಯನ್ನು ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಿರೆಂದು ಜನತೆಗೆ ಕರೆಯಿತ್ತರು. ಮರು ತಿಂಗಳೇ ಮೌಂಜಾರೋ ಎಂಬ, ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳತಕ್ಕ ಔಷಧಿಯು ನಮ್ಮ ದೇಶದ ಮಾರುಕಟ್ಟೆಗೆ ಬಂದಿತು. ಜೂನಿನಲ್ಲಿ ವೆಗೋವಿ ಎಂಬ ಇನ್ನೊಂದು ಅದನ್ನು ಹಿಂಬಾಲಿಸಿತು. ಒಂದು ಕಡೆ ಉಪದೇಶ, ಮತ್ತೊಂದು ಕಡೆ ಸೂಜಿ. ಇವೆರಡರ ನಡುವೆ ನಿಂತಿರುವ ಸಾಮಾನ್ಯ ಗೃಹಸ್ಥನೂ ಗೃಹಿಣಿಯೂ ಮಾಡತಕ್ಕದ್ದೇನೆಂಬುದನ್ನು ಶಾಂತಚಿತ್ತದಿಂದ ವಿಚಾರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲು ಪರಿಸ್ಥಿತಿಯ ಸ್ವರೂಪವನ್ನು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸ್ತ್ರೀಯರಲ್ಲಿ ಶೇಕಡಾ 24, ಪುರುಷರಲ್ಲಿ ಶೇಕಡಾ 23ರಷ್ಟು ಮಂದಿಯ ತೂಕ ಮಿತಿಯನ್ನು ಮೀರಿದೆ. ಇದಕ್ಕಿಂತಲೂ ಗಮನಾರ್ಹವಾದುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ. ಅದರಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆ. ವಯಸ್ಕರಲ್ಲಿ ಶೇಕಡಾ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಇಡೀ ಮೈಯ ಸ್ಥೂಲತೆಗಿಂತ ಹೊಟ್ಟೆಯ ಬೊಜ್ಜೇ ನಮ್ಮವರಲ್ಲಿ ಹೆಚ್ಚು ವ್ಯಾಪಕವಾಗಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೀಗೇಕೆಂಬುದಕ್ಕೆ ಉತ್ತರದ ಬಹುಭಾಗ ದೊರೆತಿರುವುದು ನಾವು ವಾಸಿಸುವ ಪುಣೆಯಲ್ಲಿಯೇ ಎಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ತಿಳಿದಿರಲಾರರು. ಇಲ್ಲಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರೂ ಅವರ ಸಹೋದ್ಯೋಗಿಗಳೂ 1993ರಿಂದ ಪುಣೆಯ ಸಮೀಪದ ಆರು ಹಳ್ಳಿಗಳ ತಾಯಂದಿರನ್ನೂ ಶಿಶುಗಳನ್ನೂ ಪರೀಕ್ಷಿಸುತ್ತ ಬಂದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳು ಸರಾಸರಿ ಮೂರೂವರೆ ಕಿಲೋ ತೂಗಿದರೆ ಇಲ್ಲಿಯವು ತೂಗಿದುದು ಸುಮಾರು 2.7 ಕಿಲೋ. ಆದರೆ ಈ ಕೊರತೆಯೆಲ್ಲ ಮಾಂಸಖಂಡಗಳಲ್ಲಿಯೂ ಒಳಗಿನ ಅಂಗಗಳಲ್ಲಿಯೂ ಕಂಡುಬಂದಿತೇ ಹೊರತು, ಚರ್ಮದ ಕೆಳಗಿನ ಕೊಬ್ಬು ಹೆಚ್ಚು ಕಡಿಮೆ ಹಾಗೆಯೇ ಉಳಿದಿತ್ತು. ಕಣ್ಣಿಗೆ ಬಡಕಲಾಗಿ ತೋರುವ ಕೂಸು ಕೊಬ್ಬಿನ ಪಾಲನ್ನು ಹೊತ್ತೇ ಹುಟ್ಟುತ್ತದೆಯೆಂಬುದು 2003ರಲ್ಲಿ ಪ್ರಕಟವಾದ ಈ ಶೋಧನೆಯ ಸಾರ.

ಮರು ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಡಾ. ಯಾಜ್ಞಿಕರು ತಮ್ಮನ್ನೇ ದೃಷ್ಟಾಂತವಾಗಿ ಒಡ್ಡಿಕೊಂಡರು. ಅವರೂ ಅವರ ಆಂಗ್ಲ ಮಿತ್ರರಾದ ಡಾ. ಯಡ್ಕಿನ್ನರೂ ತೂಕ ಮತ್ತು ಎತ್ತರಗಳ ಗಣಿತದಲ್ಲಿ ಸಮಸಮನಾಗಿದ್ದರು. ಇಬ್ಬರ ಅಂಕೆಯೂ 22.3. ಆದರೆ ಯಂತ್ರದಿಂದ ಅಳೆದಾಗ ಆಂಗ್ಲರ ಮೈಯಲ್ಲಿ ಕೊಬ್ಬು ಇದ್ದುದು ಶೇಕಡಾ 9.1, ಯಾಜ್ಞಿಕರ ಮೈಯಲ್ಲಿ ಶೇಕಡಾ 21.2. ತಕ್ಕಡಿ ಇಬ್ಬರಿಗೂ ಒಂದೇ ತೀರ್ಪನ್ನು ಕೊಟ್ಟಿತು. ಅದನ್ನೇ ನಂಬಿ ಕುಳಿತರೆ ನಮ್ಮಂತಹವರಿಗೆ ಅಪಾಯದ ಸುಳಿವೇ ಸಿಕ್ಕಲಾರದು.

ಆದುದರಿಂದ ನಮ್ಮವರು ತೂಕದ ಯಂತ್ರಕ್ಕಿಂತ ಮೊದಲು ಅಳತೆಯ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳುವುದು ಒಳಿತು. ಪಕ್ಕೆಲುಬಿನ ಕೆಳತುದಿಗೂ ಸೊಂಟದೆಲುಬಿನ ಮೇಲ್ತುದಿಗೂ ನಡುವೆ ಪಟ್ಟಿಯನ್ನು ಸುತ್ತಿದಾಗ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಬಾರದೆಂದು ಭಾರತೀಯ ತಜ್ಞರು 2009ರಲ್ಲಿ ಮಿತಿಯನ್ನು ಗೊತ್ತುಪಡಿಸಿದ್ದಾರೆ. ಪ್ಯಾಂಟಿನ ಅಳತೆಯನ್ನು ನೆಚ್ಚಿ ಸಮಾಧಾನಪಡುವಂತಿಲ್ಲ. ಅದು ಹೊಟ್ಟೆಯ ಕೆಳಗೆ ಜಾರಿ ನಿಂತಿರುತ್ತದೆ.

ಪುಣೆಯ ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷ ಎಚ್ಚರ ಬೇಕೆನ್ನಲು ಕಾರಣವಿದೆ. ನಾವು ಊರನ್ನು ಬಿಟ್ಟು ಬಂದಾಗ ಊರಿನ ಊಟವನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಆದರೆ ಕರಾವಳಿಯ ಕುಚ್ಚಲಕ್ಕಿಯ ರಾಶಿಯಾಗಲಿ, ಬಿಜಾಪುರ, ಕಲಬುರ್ಗಿಗಳ ರೊಟ್ಟಿಯ ಅಟ್ಟಿಯಾಗಲಿ ಗದ್ದೆಯಲ್ಲಿ ಇಳಿದವರ, ಎರೆಹೊಲದಲ್ಲಿ ಬೆವರಿದವರ ತುತ್ತಾಗಿದ್ದಿತು. ಆ ದುಡಿಮೆ ಊರಿನಲ್ಲಿಯೇ ಉಳಿಯಿತು. ತುತ್ತಿನ ಗಾತ್ರ ಮಾತ್ರ ನಮ್ಮೊಡನೆ ಬಂದಿತು. ಹಿಂಜವಡಿಯ ಕಚೇರಿಗಳಲ್ಲಿ ಹತ್ತು ತಾಸು ಕುಳಿತೇ ದುಡಿಯುವ ತರುಣನ ತಟ್ಟೆಯಲ್ಲಿ ಅಜ್ಜನ ಅಳತೆಯ ಅನ್ನವೂ ಬೀಳುತ್ತದೆ, ಅಜ್ಜನು ಕಂಡರಿಯದ ಕರಿದ ತಿಂಡಿ, ಸಿಹಿ ಪಾನೀಯಗಳೂ ಮೇಲೆ ಬರುತ್ತವೆ. ಕುಚ್ಚಲಕ್ಕಿಯೂ ಜೋಳವೂ ಅನೇಕ ಮನೆಗಳಲ್ಲಿ ಹೊಳಪಿನ ಬಿಳಿ ಅಕ್ಕಿಗೆ ಎಡೆಮಾಡಿಕೊಟ್ಟಿರುವುದು ಇನ್ನೊಂದು ನಷ್ಟ.

ಹೊಸ ಔಷಧಿಗಳಿಂದ ಇದಕ್ಕೆ ಪರಿಹಾರ ದೊರೆಯಲಾರದೆ ಎಂದು ಕೆಲವರು ಕೇಳಬಹುದು. ಅವು ಪರಿಣಾಮಕಾರಿಯಾಗಿವೆಯೆಂಬುದರಲ್ಲಿ ಸಂದೇಹವಿಲ್ಲ. ತೀವ್ರ ಸ್ಥೂಲತೆಯಿಂದಲೂ ಮಧುಮೇಹದಿಂದಲೂ ಬಳಲುವವರಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಅವು ವರವೇ ಸರಿ. ಆದರೆ ಮೌಂಜಾರೋ ಬಂದಾಗ ಅದರ ಅತ್ಯಂತ ಕಡಿಮೆ ಪ್ರಮಾಣದ ಒಂದು ಸೀಸೆಯ ಬೆಲೆ 3,500 ರೂಪಾಯಿ. ತಿಂಗಳಿಗೆ ನಾಲ್ಕು ಸೀಸೆಯೆಂದರೆ 14,000. ಇನ್ನೊಂದು ಮಾತು. ವೆಗೋವಿಯಲ್ಲಿರುವ ಔಷಧಿಯನ್ನು ನಿಲ್ಲಿಸಿದವರು ಒಂದು ವರ್ಷದೊಳಗೆ ಕಳೆದುಕೊಂಡ ತೂಕದ ಮೂರನೆಯ ಎರಡು ಪಾಲನ್ನು ಮರಳಿ ಪಡೆದರೆಂದು 2022ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿದೆ. ಮಗಳ ಮದುವೆಗೆ ಮುನ್ನ ಮೂರು ತಿಂಗಳು ಉಪವಾಸವಿದ್ದು ಇಳಿಸಿದ ತೂಕದ ಗತಿಯೂ ಬಹುಮಟ್ಟಿಗೆ ಇದೇ.

ಇದಕ್ಕೆ ಪ್ರತಿಯಾಗಿ, ನಿತ್ಯದ ಅಭ್ಯಾಸದಿಂದ ಏನಾಗಬಲ್ಲುದೆಂಬುದಕ್ಕೆ ಚೆನ್ನೈಯ ಡಾ. ಎ. ರಾಮಚಂದ್ರನ್ನರ ತಂಡವು 2006ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿಯಾಗಿದೆ. ಮಧುಮೇಹದ ಹೊಸ್ತಿಲಿನಲ್ಲಿ ನಿಂತ 531 ಮಂದಿಯನ್ನು ಅವರು ಪರೀಕ್ಷಿಸಿದರು. ಯಾವ ವಿಶೇಷ ಸಲಹೆಯೂ ಇಲ್ಲದ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ಶೇಕಡಾ 55 ಮಂದಿ ರೋಗಕ್ಕೆ ತುತ್ತಾದರೆ, ನಡಿಗೆ ಮತ್ತು ಮಿತಾಹಾರಗಳ ಸಲಹೆ ಪಡೆದ ಗುಂಪಿನಲ್ಲಿ ಅದು ಶೇಕಡಾ 39ಕ್ಕೆ ಇಳಿಯಿತು. ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲವೆಂಬುದೇ ಇಲ್ಲಿ ಮುಖ್ಯ. ತಕ್ಕಡಿಯ ಮುಳ್ಳು ಅಲುಗದಿದ್ದರೂ ದೇಹವು ಒಳಗಿನಿಂದ ಸುಧಾರಿಸುತ್ತಿರುತ್ತದೆ. ಎರಡು ವಾರ ನಡೆದು, ಫಲ ಕಾಣದೆ ಬೇಸತ್ತು ಬಿಡುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಮನೆಯಲ್ಲಿ ಆರಂಭಿಸಲು ದೊಡ್ಡ ಸನ್ನಾಹವೇನೂ ಬೇಡ. ನಾಲ್ಕು ಮಂದಿಯ ಸಂಸಾರಕ್ಕೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬಂದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ ಬೀಳುತ್ತದೆ. ಅದೊಂದರಿಂದಲೇ 340 ಕ್ಯಾಲೊರಿಗಳಷ್ಟು ಶಕ್ತಿ. ಡಬ್ಬಿಯ ಮೇಲೆ ತಂದ ತಾರೀಖನ್ನು ಬರೆದಿಟ್ಟರೆ ಲೆಕ್ಕ ತಾನಾಗಿಯೇ ತಿಳಿಯುತ್ತದೆ. ದಿನಕ್ಕೆ ಮೂರು ಲೋಟ ಚಹಕ್ಕೆ ಎರಡೆರಡು ಚಮಚೆ ಸಕ್ಕರೆ ಹಾಕಿದರೆ ಅದೇ 25 ಗ್ರಾಂ ಆಗುತ್ತದೆ. ಸಿಹಿತಿಂಡಿ ಇದಕ್ಕೆ ಸೇರಿಲ್ಲ. ಅನ್ನವನ್ನು ಒಂದು ಸೌಟು ತಗ್ಗಿಸಿ ಪಲ್ಯ, ಕೋಸಂಬರಿ, ಕಾಳಿನ ಹುಳಿಗಳನ್ನು ಒಂದೊಂದು ಸೌಟು ಹೆಚ್ಚಿಸಿದರೆ ಹೊಟ್ಟೆಯೂ ತುಂಬುತ್ತದೆ, ನಾಲಗೆಯೂ ಊರನ್ನು ಮರೆಯುವುದಿಲ್ಲ.

ನಡಿಗೆಯ ಮಾತಿಗೆ ಬಂದರೆ ದೋಷವೆಲ್ಲ ವ್ಯಕ್ತಿಯದಲ್ಲ. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದು ಹೆಸರಾಂತ ಪುಣೆಯಲ್ಲಿ ವಾಹನಗಳ ಸಂಖ್ಯೆ ಜನರ ಸಂಖ್ಯೆಯನ್ನೇ ಮೀರಿತೆಂದು 2018ರಲ್ಲಿ ವರದಿಯಾಯಿತು. ಕಾಲುದಾರಿಯಿಲ್ಲದ ರಸ್ತೆಯಲ್ಲಿ ದಿನಕ್ಕೆ ಅರ್ಧ ತಾಸು ನಡೆಯಿರೆಂದು ಹೇಳುವುದು ಸುಲಭವೇ ಹೊರತು ನಡೆಯುವುದು ಸುಲಭವಲ್ಲ. ಪರ್ವತಿಯ 103 ಮೆಟ್ಟಿಲುಗಳೂ ತಳಜಾಯಿ, ವೇತಾಳ ಗುಡ್ಡಗಳ ಕಾಲುಹಾದಿಗಳೂ ಈ ನಗರದ ಪಾಲಿಗೆ ಬಿಟ್ಟಿಯಾಗಿ ದೊರೆತ ಚಿಕಿತ್ಸಾಲಯಗಳು. ವೇತಾಳ ಗುಡ್ಡದ ಮೂಲಕ ರಸ್ತೆಯನ್ನು ಹಾಯಿಸುವ ಯೋಜನೆಗೆ 2023ರಲ್ಲಿ ನಾಗರಿಕರು ಮೆರವಣಿಗೆ ತೆಗೆದು ವಿರೋಧ ಸೂಚಿಸಿದುದನ್ನು ಕೇವಲ ಮರಗಿಡಗಳ ಪ್ರಶ್ನೆಯೆಂದು ಎಣಿಸಲಾಗದು. ಅದು ಆರೋಗ್ಯದ ಪ್ರಶ್ನೆಯೂ ಹೌದು. ಅಲ್ಲಿ ಮುಂಜಾನೆ ನಡೆಯುವ ಕನ್ನಡಿಗರ ಪ್ರಶ್ನೆಯೂ ಹೌದು.

ಕೊನೆಯದಾಗಿ, ನಮ್ಮ ಸಮಾಜದ ಒಂದು ವರ್ಗವನ್ನು ಇಲ್ಲಿ ಮರೆಯುವಂತಿಲ್ಲ. ಡೆಕ್ಕನ್ನಿನಿಂದ ಕ್ಯಾಂಪಿನವರೆಗೆ ಪುಣೆಗೆ ಇಡ್ಲಿ, ದೋಸೆಗಳ ರುಚಿಯನ್ನು ಹತ್ತಿಸಿದ ಉಡುಪಿ ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರು ಊರೆಲ್ಲ ಉಂಡ ಮೇಲೆ, ಮಧ್ಯಾಹ್ನ ಮೂರೂವರೆಗೆ ಒಮ್ಮೆ, ನಡುರಾತ್ರಿಗೆ ಒಮ್ಮೆ, ಉಳಿದುದನ್ನು ಉಣ್ಣುವ ಪರಿಪಾಠ ಇನ್ನೂ ಅನೇಕ ಕಡೆ ಇದೆ. ಅವರಿಗೆ ಮುಂಜಾನೆಯ ವಿಹಾರವನ್ನು ಉಪದೇಶಿಸುವುದು ವ್ಯರ್ಥ. ಹೊತ್ತಿಗೆ ಸರಿಯಾದ ಊಟ, ನಿದ್ರೆಗೆ ಏಳು ತಾಸು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಇಷ್ಟನ್ನು ಮಾಲಿಕರು ಏರ್ಪಡಿಸಿದರೆ ಅದೇ ದೊಡ್ಡ ಉಪಕಾರ. ಹೋಟೆಲ್ ಕಾರ್ಮಿಕರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದ ಪರಂಪರೆ ವಲಸಿಗ ಕನ್ನಡಿಗರದು. ಅಕ್ಷರಕ್ಕೆ ತೋರಿದ ಆ ಕಾಳಜಿಯನ್ನು ಆರೋಗ್ಯಕ್ಕೆ ತೋರುವುದು ಅಸಾಧ್ಯವಲ್ಲ.

ಬರುವ ರಾಜ್ಯೋತ್ಸವದಲ್ಲಿ ಇಲ್ಲಿಯ ಕನ್ನಡ ಸಂಸ್ಥೆಗಳು ಸಭಾಂಗಣದ ಬಾಗಿಲಿನಲ್ಲಿ ಒಂದು ಮೇಜು, ಒಂದು ಅಳತೆಪಟ್ಟಿ, ರಕ್ತದೊತ್ತಡದ ಒಂದು ಉಪಕರಣ ಮತ್ತು ಒಬ್ಬ ಕನ್ನಡ ಬಲ್ಲ ವೈದ್ಯರನ್ನು ಇರಿಸಲಿ. ಭೋಜನದಲ್ಲಿ ಎರಡು ಸಿಹಿಯಿದ್ದಲ್ಲಿ ಒಂದನ್ನು ಬಿಟ್ಟು ಕೋಸಂಬರಿಯನ್ನು ಧಾರಾಳವಾಗಿ ಬಡಿಸಲಿ. ಇದಕ್ಕೆ ತಗಲುವ ವೆಚ್ಚ ಸ್ವಲ್ಪ. ಮುಂದಿನ ವರ್ಷ ಅದೇ ಮೇಜಿನ ಮುಂದೆ ಅದೇ ಜನರು ನಿಂತು ಅಳೆಯಿಸಿಕೊಂಡರೆ ನಮ್ಮ ಪ್ರಯತ್ನ ಎಷ್ಟು ಫಲಿಸಿತೆಂಬುದು ಎಲ್ಲರಿಗೂ ತಿಳಿಯುತ್ತದೆ.