ಸಾಲ ತೀರಿತು, ಕೆಲಸ ಹೋಯಿತು

ಜರ್ಮನಿಯ ಬ್ರೆಮೆನ್ ಬಂದರಿನ ಬೋರ್ಗ್‌ವಾರ್ಡ್ ಮೋಟಾರು ಕಂಪನಿ 1961ರಲ್ಲಿ ಮುಳುಗಿತು. ಮಾಲೀಕನ ಹಟವೇ ಕಾರಣವೆಂದು ಒಂದು ಪಕ್ಷ. ಅಲ್ಲ, ಪ್ರತಿಸ್ಪರ್ಧಿಗಳ ಸಂಚೆಂದು ಇನ್ನೊಂದು ಪಕ್ಷ. ಅರವತ್ತು ವರ್ಷ ದಾಟಿದರೂ ಈ ವ್ಯಾಜ್ಯ ಮುಗಿದಿಲ್ಲ. ಅಲ್ಲಿ ದುಡಿಯುತ್ತಿದ್ದ ಸುಮಾರು 20,000 ಜನ ಮಾತ್ರ ಎರಡು ಪಕ್ಷದ ಲೆಕ್ಕದಲ್ಲೂ ಕೊನೆಯ ಸಾಲಿನಲ್ಲಿದ್ದಾರೆ. ನಾವು ಆ ಸಾಲಿನಿಂದಲೇ ಲೆಕ್ಕ ಕೇಳುತ್ತೇವೆ.

ಮಾಲೀಕ ಕಾರ್ಲ್ ಬೋರ್ಗ್‌ವಾರ್ಡ್ ಕೆಲಸ ಬಲ್ಲವನು. 1924ರಲ್ಲಿ ಆತ ತಂದ ಮೂರು ಗಾಲಿಯ 'ಬ್ಲಿಟ್ಸ್‌ಕಾರನ್' ಗಾಡಿಗೆ ಎರಡು ಚಿಲ್ಲರೆ ಅಶ್ವಶಕ್ತಿಯಷ್ಟೇ ಬಲ. ಆದರೂ ಲಾರಿ ಕೊಳ್ಳಲಾರದ ಸಣ್ಣ ವ್ಯಾಪಾರಿ ಅದನ್ನು ಕೊಂಡ. ಅಂಚೆ ಇಲಾಖೆಯೂ ಕೊಂಡಿತು. ಹೀಗೆ ಸಣ್ಣವರ ಕಾಸಿನಿಂದ ಬೆಳೆದು 1929ರಲ್ಲಿ ಪಾಲುದಾರನೊಡನೆ ಹನ್ಸಾ-ಲಾಯ್ಡ್ ಕಾರ್ಖಾನೆಯನ್ನೇ ಕೈವಶ ಮಾಡಿಕೊಂಡ. ಆತನನ್ನು ಹೊಗಳುವವರು ಮುಂದಿನ ಪುಟವನ್ನು ಬೇಗ ಮಗುಚುತ್ತಾರೆ. ನಾಜಿ ಪಕ್ಷದ ಸದಸ್ಯನಾದ, ಯುದ್ಧದಲ್ಲಿ ಸೈನ್ಯಕ್ಕೆ ವಾಹನ ಮಾಡಿಕೊಟ್ಟ. ಬಲವಂತದಿಂದ ಹಿಡಿದು ತಂದವರನ್ನು ಆ ಕಾರ್ಖಾನೆಯಲ್ಲಿ ದುಡಿಸಲಾಯಿತು.

ಯುದ್ಧ ಮುಗಿದ ಮೇಲೆ ಉಕ್ಕು ಪಡಿತರದಲ್ಲಿ ಸಿಗುತ್ತಿತ್ತು. ಹೆಚ್ಚು ಪಾಲು ಬರಲೆಂದು ಒಬ್ಬನೇ ಯಜಮಾನ ಬೋರ್ಗ್‌ವಾರ್ಡ್, ಗೋಲಿಯಾತ್, ಲಾಯ್ಡ್ ಎಂದು ಮೂರು ಕಂಪನಿ ನಡೆಸಿದ. ಪಡಿತರ ಹೋಯಿತು, ಮೂರು ಕಂಪನಿ ಉಳಿದವು. ಒಂದೇ ಮನೆಯಲ್ಲಿ ಮೂರು ಒಲೆ, ಮೂರಕ್ಕೂ ಬೇರೆ ಬೇರೆ ಸೌದೆ! 1950ರ ಲಾಯ್ಡ್ ಕಾರಿನ ಮೈ ಪ್ಲೈವುಡ್ಡಿನದು, ಮೇಲೆ ಕೃತಕ ತೊಗಲು. ಕೈಯಲ್ಲಿ ಕಾಸಿಲ್ಲದ ಸಂಸಾರಿ ಅದನ್ನೂ ಸಂತೋಷದಿಂದ ಕೊಂಡ. 1954ರ ಇಸಬೆಲ್ಲಾ ನಿಜಕ್ಕೂ ಒಳ್ಳೆಯ ಕಾರು. ಎರಡು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಮಾಲೀಕನಿಗೆ ಅಷ್ಟು ಸಾಲದು. ವರ್ಷಕ್ಕೊಂದು ಹೊಸ ಹುಮ್ಮಸ್ಸು. 1959ರ ಅರಬೆಲ್ಲಾದೊಳಕ್ಕೆ ಮಳೆ ನೀರು ನುಗ್ಗಿತು. ಜನ 'ಅಕ್ವಾಬೆಲ್ಲಾ' ಎಂದು ನಕ್ಕರು. ಈ ಹುಮ್ಮಸ್ಸಿಗೆ ಬ್ಯಾಂಕಿನ ಸಾಲ, ಸಾಲಕ್ಕೆ ಬ್ರೆಮೆನ್ ಸರ್ಕಾರದ ಜಾಮೀನು. ಅಷ್ಟರಲ್ಲಿ ಅಮೆರಿಕದ ಮಾರಾಟವೂ ಕುಸಿಯಿತು.

1961ರ ಫೆಬ್ರವರಿಯಲ್ಲಿ ಕಂಪನಿಯನ್ನು ಬ್ರೆಮೆನ್ ಸರ್ಕಾರಕ್ಕೆ ಒಪ್ಪಿಸಲಾಯಿತು. ಆ ಸರ್ಕಾರದ ಮುಖ್ಯಸ್ಥರು ವಿಲ್ಹೆಲ್ಮ್ ಕೈಸನ್, ಸೋಷಿಯಲ್ ಡೆಮೊಕ್ರಾಟ್ ಪಕ್ಷದವರು. ನಮ್ಮ ಮಾತು ಇಲ್ಲಿ ಕಹಿಯಾದರೆ ಆಗಲಿ. ಕಾರ್ಖಾನೆ ಜನರ ಕೈಗೆ ಬಂದಿತ್ತು. ನಡೆಸುವ ಹೊಣೆಯಲ್ಲಿ ದುಡಿಯುವವರಿಗೆ ಪಾಲು ಕೊಟ್ಟು ಮೂರು ಒಲೆಯನ್ನು ಒಂದು ಮಾಡಬಹುದಿತ್ತು. ಸರ್ಕಾರ ಏನು ಮಾಡಿತು? ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷ ಗಾದಿಗೆ ಯೊಹಾನೆಸ್ ಸೆಮ್ಲರ್ ಎಂಬುವರನ್ನು ತಂದಿತು. ಅದೇ ವರ್ಷ ಅದೇ ಸೆಮ್ಲರ್ ಬಿಎಂಡಬ್ಲ್ಯು ಕಂಪನಿಯ ಮಂಡಳಿಯಲ್ಲೂ ಇದ್ದರು! ತನ್ನ ಗಲ್ಲಾಪೆಟ್ಟಿಗೆಯ ಮುಂದೆ ಎದುರಂಗಡಿಯವನನ್ನು ಕೂರಿಸುವ ವ್ಯಾಪಾರಿಯನ್ನು ನಮ್ಮ ಓದುಗರು ಯಾವ ಪೇಟೆಯಲ್ಲಾದರೂ ಕಂಡಿದ್ದಾರೆಯೇ? ಅವರ ಮನಸ್ಸಿನಲ್ಲಿ ಸಂಚಿತ್ತೆಂದು ನಾವು ಹೇಳುವುದಿಲ್ಲ. ಅವರನ್ನು ಅಲ್ಲಿ ಕೂರಿಸಿದವರನ್ನು ಕೇಳುತ್ತಿದ್ದೇವೆ.

ಸೆಪ್ಟೆಂಬರಿನಲ್ಲಿ ದಿವಾಳಿ ಘೋಷಣೆಯಾಯಿತು. ಆಮೇಲೆ ಆಸ್ತಿ ಮಾರಿದಾಗ ಸಾಲ ಕೊಟ್ಟವರ ಬಾಕಿ ತೀರಿತು. ಬಾಕಿ ತೀರಿಸಬಲ್ಲ ಕಂಪನಿ ದಿವಾಳಿ ಹೇಗಾಯಿತು? ಬಿಎಂಡಬ್ಲ್ಯು ಕೂಡ 1959ರಲ್ಲಿ ಡೈಮ್ಲರ್-ಬೆಂಜ್ ಪಾಲಾಗುವುದರಲ್ಲಿತ್ತು. ಹರ್ಬರ್ಟ್ ಕ್ವಾಂಟ್ ಎಂಬ ಸಾಹುಕಾರ ಹಣ ಹೂಡಿದ, ಅದು ಉಳಿಯಿತು. ಒಬ್ಬ ಸಾಹುಕಾರನಿಗಿದ್ದ ತಾಳ್ಮೆ ಸಮಾಜವಾದದ ಹೆಸರು ಹೇಳುವ ಸರ್ಕಾರಕ್ಕೆ ಏಳು ತಿಂಗಳೂ ಇರಲಿಲ್ಲ.

ಮಾಲೀಕ 1963ರಲ್ಲಿ ಸತ್ತ. ಕಾರು ತಯಾರಿಕೆ ಮೆಕ್ಸಿಕೋಕ್ಕೆ ಹೋಗಿ 1970ರಲ್ಲಿ ನಿಂತಿತು. 2015ರಲ್ಲಿ ಚೀನಾದ ಬಂಡವಾಳದಿಂದ ಆ ಹೆಸರು ಮತ್ತೆ ಎದ್ದು 2022ರಲ್ಲಿ ಮತ್ತೆ ದಿವಾಳಿಯಾಯಿತು. ಬ್ರೆಮೆನ್ನಿನ ಸೆಬಾಲ್ಡ್ಸ್‌ಬ್ರುಕ್ಕಿನಲ್ಲಿ, ಅದೇ ಹಳೆಯ ಕಾರ್ಖಾನೆಯ ನೆಲದಲ್ಲಿ, ಈಗ ಮರ್ಸಿಡಿಸ್ ಕಾರು ತಯಾರಾಗುತ್ತಿದೆ. ಕೈಸನ್ ಅವರು 1965ರವರೆಗೂ ಅಧಿಕಾರದಲ್ಲಿದ್ದರು.