ಬೆಂಗಳೂರಿಗೆ ಬಂದವರು ದರ್ಶಿನಿಗೆ ಹೋಗಲಿ

ಬೆಂಗಳೂರಿಗೆ ಬಂದವರು ಹೆಸರಾಂತ ಹೋಟೆಲುಗಳ ಮುಂದೆ ಗಂಟೆಗಟ್ಟಲೆ ಕಾಯುವುದಕ್ಕಿಂತ ಹತ್ತಿರದಲ್ಲೇ ಗಿಜಿಗುಡುವ ದರ್ಶಿನಿಗೆ, ಅಂದರೆ ನಿಂತೇ ತಿನ್ನುವ ಹೋಟೆಲಿಗೆ, ಹೋಗುವುದು ಲೇಸು. 1980ರ ದಶಕದಲ್ಲಿ ಈ ಊರಿನಲ್ಲೇ ಬೆಳೆದ ಪದ್ಧತಿಯಿದು. ಅಡುಗೆಮನೆ ಗಿರಾಕಿಯ ಕಣ್ಣೆದುರೇ ಇರುತ್ತದೆ: ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹಿಟ್ಟು ಹುಯ್ದ ದೋಸೆ ಕೆಂಪಗಾಗುವುದನ್ನು ನಿಂತಲ್ಲೇ ನೋಡಬಹುದು. ಜನ ಬಂದ ಹಾಗೆ ತಿಂದು ಹೋಗುವುದರಿಂದ ಇಡ್ಲಿಗೆ ಆರಲು ಪುರಸೊತ್ತಿಲ್ಲ. ಟೇಬಲ್ಲಿಗೆ ತಂದು ಬಡಿಸುವವರಿಲ್ಲದ ಕಾರಣ ಬೆಲೆಯೂ ಹಗುರ.

1924ರ ಎಂಟಿಆರ್, 1943ರ ವಿದ್ಯಾರ್ಥಿ ಭವನದಂಥ ಹೆಸರಾಂತ ಹೋಟೆಲುಗಳಲ್ಲಿ ರುಚಿಯ ಜೊತೆ ಚರಿತ್ರೆಯೂ ಇದೆಯಲ್ಲ ಎನ್ನಬಹುದು. ನಿಜ, ಬಿಡುವಿದ್ದರೆ ಖಂಡಿತ ಹೋಗಿ. ಆದರೆ ಕೆಲಸಕ್ಕೆ ಹೊರಟ ಊರಿನ ಜನ ದಿನಬೆಳಗೂ ತಿಂಡಿ ತಿನ್ನುವುದು ದರ್ಶಿನಿಯಲ್ಲಿ. ನಿಂತು ತಿನ್ನುವುದು ವಯಸ್ಸಾದವರಿಗೆ ಕಷ್ಟ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಮಾಲೀಕರೇ, ದಯವಿಟ್ಟು ಮೂಲೆಯಲ್ಲಿ ನಾಲ್ಕು ಕುರ್ಚಿ ಹಾಕಿಸಿ.